ನಕ್ಷೆಗೆ ಬಾರದ ದಿಮ್ಮಿ

ತೋಪಿನಕೊಪ್ಪಲು, ಹೊಳೆನರಸೀಪುರ
4 ಆಗಸ್ಟ್ 2024

ತನ್ಮಯಿ,

ಕ್ಷೇಮ ಸಮಾಚಾರ ಕೊನೆಯಲ್ಲಿ ಕೇಳುತ್ತೇನೆ. ಮೊದಲು ಜಗಳ.

ಜನವರಿಯಲ್ಲಿ ಹನ್ನೆರಡು ದಿನ ನಮ್ಮ ಮನೆಯಲ್ಲಿದ್ದು, ‘ಜನ ತಮ್ಮ ಊರಿನ ಯೋಜನೆಯನ್ನು ತಾವೇ ಹೇಗೆ ಮಾಡಿಕೊಳ್ಳುತ್ತಾರೆ’ ಅಂತ ನೋಟ್‌ಬುಕ್ಕು ತುಂಬಿಸಿಕೊಂಡು ಹೋದೆಯಲ್ಲ, ಈಗ ಬಂದು ನೋಡು. ನಮ್ಮ ಯೋಜನೆಯನ್ನು ಬೇರೆ ಯಾರೋ ಮಾಡಿ ಮುಗಿಸಿ ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಮಾಸ್ಟರ್ ಪ್ಲಾನ್ ಕರಡು ಅಂತೆ. ಇನ್ನು ಇಪ್ಪತ್ತು ವರ್ಷ ಊರು ಎಲ್ಲಿ ಬೆಳೆಯಬೇಕು, ಎಲ್ಲಿ ಬೆಳೆಯಕೂಡದು, ಎಲ್ಲದಕ್ಕೂ ಬಣ್ಣ ಹಚ್ಚಿ ಆಗಿದೆ. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ.

ಎಂಬತ್ತು ದಾಟಿದ ದೊಡ್ಡತಾಯಮ್ಮನನ್ನೂ ಕಟ್ಟಿಕೊಂಡು ಹೋಗಿ ಬೆರಳಿಟ್ಟು ಹುಡುಕಿದೆ. ನಾಲೆ ಇದೆ. ನಾಲೆಯ ಮೇಲಿನ ದಿಮ್ಮಿ ಇಲ್ಲ! ನೀನು ಮೊದಲ ದಿನವೇ ಅಳತೆ ಟೇಪಿನ ಸಮೇತ ಜಾರಿ ಬಿದ್ದೆಯಲ್ಲ, ಅದೇ ಎರಡು ತೆಂಗಿನ ದಿಮ್ಮಿ. ಅಲ್ಲಿಗೆ ಹೋಗುವ ಕಾಲುದಾರಿಯೂ ಇಲ್ಲ. ದಾರಿ ಇರುವ ರಂಗಸ್ವಾಮಿಯ ತೋಟಕ್ಕೆ ನೀಲಿ ಬಳಿದು ‘ವಾಣಿಜ್ಯ’ ಅಂತ ಬರೆದಿದ್ದಾರೆ. ಏರಿಯ ಉದ್ದಕ್ಕೂ ಗೋಡೆ ಬರುತ್ತದಂತೆ. ಗುಮಾಸ್ತನನ್ನು ಕೇಳಿದರೆ, “ನಕ್ಷೆಯಲ್ಲಿ ಇಲ್ಲದ ದಾರಿಗೆ ಗೋಡೆ ಕಟ್ಟಬಹುದು ಕಣಮ್ಮ” ಅಂದ.

ನಾವು ದಿಮ್ಮಿ ದಾಟಿದರೆ ಮುನ್ನೂರು ಮೀಟರಿಗೆ ಶಾಲೆ, ಹಾಲಿನ ವ್ಯಾನು, ಬಸ್ಸು. ದಿಮ್ಮಿ ಹೋದರೆ ರಸ್ತೆ ಸುತ್ತಿ ಎರಡೂವರೆ ಕಿಲೋಮೀಟರು. ವ್ಯಾನು ಏಳೂಕಾಲಿಗೆ ಹೊರಟುಬಿಡುತ್ತದೆ. ನಮ್ಮ ಮಹಿಳಾ ಡೇರಿಯ ಕಾರ್ಯದರ್ಶಿಯಾಗಿ ಹೇಳುತ್ತೇನೆ: ಈ ಗೋಡೆ ಎದ್ದ ದಿನ ಡೇರಿಗೆ ಬೀಗ.

ಇನ್ನೊಂದು ತಮಾಷೆ. ಈ ನಕ್ಷೆಯನ್ನು ಆಕಾಶದಿಂದ ಫೋಟೋ ತೆಗೆದು ಬರೆದರಂತೆ. ಆಕಾಶಕ್ಕೆ ನಮ್ಮ ದಿಮ್ಮಿ ಕಾಣಿಸಲಿಲ್ಲ, ಹಲಸಿನ ಮರದ ಅಡಿಯಲ್ಲಿರುವ ನನ್ನ ದನದ ಕೊಟ್ಟಿಗೆ ಮಾತ್ರ ಚೌಕಾಕಾರವಾಗಿ ಕಾಣಿಸಿದೆ. ಬರೆದವನ ಕಣ್ಣಿಗೆ ಹರಳೆಣ್ಣೆ ಹಾಕಬೇಕು.

ನೀನು ಓದುತ್ತಿರುವುದು ಇದನ್ನೇ. ಏನು ಮಾಡಬೇಕು, ಬರಿ. ಫೋನು ಬೇಡ. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಕಾಗದಕ್ಕೆ ರಶೀದಿ ಇರುತ್ತದೆ. ಹಸಿರು ಶಾಲು ಹೊದ್ದು ಮೂವತ್ತೈದು ವರ್ಷ ರಸ್ತೆಯಲ್ಲಿ ಕೂತು ನಾನು ಕಲಿತದ್ದು ಅದೊಂದೇ.

ಹೇಗಿದ್ದೀ? ಊಟ ಸರಿಯಾಗಿ ಮಾಡು.

ಶಿವಗಂಗಮ್ಮ

*

ಭೋಪಾಲ್
16 ಆಗಸ್ಟ್ 2024

ಶಿವಗಂಗಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ತುಂಬ ಬೇಸರವಾಯಿತು. ಇಂಥ ನಕ್ಷೆಗಳನ್ನು ದೊಡ್ಡ ಕಂಪನಿಗಳಿಗೆ ಗುತ್ತಿಗೆ ಕೊಡುತ್ತಾರೆ. ಅಲ್ಲಿ ಹತ್ತಾರು ಜನ ಕೂತು ಬರೆಯುತ್ತಾರೆ. ಯಾರು ಯಾವ ಗೆರೆ ಎಳೆದರು, ಯಾವುದನ್ನು ಬಿಟ್ಟರು ಎಂದು ಹೇಳುವುದು ಕಷ್ಟ. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಕರಡು ಪ್ರಕಟವಾದ ಮೇಲೆ ಅರವತ್ತು ದಿನದೊಳಗೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಊರಿನವರೆಲ್ಲ ಸಹಿ ಹಾಕಿದ ಅರ್ಜಿ ಕೊಡಿ. ದಿಮ್ಮಿ ಎಷ್ಟು ವರ್ಷದಿಂದ ಇದೆ, ದಿನಕ್ಕೆ ಎಷ್ಟು ಜನ ದಾಟುತ್ತಾರೆ ಎಂದು ಬರೆಯಿರಿ. ರಶೀದಿ ತೆಗೆದುಕೊಳ್ಳಿ (ನಿಮಗೆ ಹೇಳಬೇಕಾಗಿಲ್ಲ!).

ಪರೀಕ್ಷೆ ಹತ್ತಿರವಿದೆ. ಚಿಕ್ಕದಾಗಿ ಬರೆದದ್ದಕ್ಕೆ ಕ್ಷಮಿಸಿ.

ನಿಮ್ಮ,
ತನ್ಮಯಿ

*

ತೋಪಿನಕೊಪ್ಪಲು
29 ಆಗಸ್ಟ್ 2024

ತನ್ಮಯಿ,

ನೂರಾ ನಲವತ್ಮೂರು! ಮತ್ತೊಂದು ಸಲ ಓದಿಕೋ. ಕೊಪ್ಪಲಿನಲ್ಲಿ ಸಹಿ ಹಾಕದೆ ಉಳಿದದ್ದು ಎಮ್ಮೆ, ಹಸು, ತೊಟ್ಟಿಲ ಕೂಸು ಮಾತ್ರ. ರಂಗಸ್ವಾಮಿ ಕೂಡ ಹಾಕಿದ. ತನ್ನ ತೋಟ ವಾಣಿಜ್ಯವಾದರೆ ಕಾಂಪ್ಲೆಕ್ಸ್ ಕಟ್ಟಿಸಿ ಮೀಸೆ ತಿರುವುತ್ತೇನೆ ಅಂತ ಕನಸು ಕಾಣುತ್ತಿರುವ ರಂಗಸ್ವಾಮಿ! ಹೇಗೆ ಹಾಕಿಸಿದೆ ಅಂತ ಕೇಳಬೇಡ, ಅದು ಸಂಘಟನೆಯ ಗುಟ್ಟು.

ಅರ್ಜಿ ಸಂಖ್ಯೆ 61. ರಶೀದಿಯನ್ನು ದೇವರ ಪಟದ ಹಿಂದೆ ಇಟ್ಟಿದ್ದೇನೆ.

ನಕ್ಷೆ ಬರೆದವನ ಮೇಲೆ ಸಿಟ್ಟು ಮಾಡಬೇಡಿ ಅಂತ ಬರೆದಿದ್ದೀಯ. ಯಾಕೆ ಮಾಡಬಾರದು? ಗುತ್ತಿಗೆ ಕಂಪನಿ, ಹತ್ತಾರು ಜನ, ಯಾರೋ ಏನೋ. ಈ ‘ಯಾರೋ’ ಅನ್ನುವವನೇ ನಮ್ಮನ್ನು ಹಾಳು ಮಾಡಿದವನು. ಗೆರೆ ಎಳೆದ ಕೈಗೆ ಹೆಸರಿಲ್ಲವೇ? ಆ ಕೈ ಅನ್ನ ತಿನ್ನುವುದಿಲ್ಲವೇ? ನಮ್ಮ ಊರಿನ ಅನ್ನವನ್ನೇ ತಿಂದಿದ್ದರೂ ತಿಂದಿರಬಹುದು. ದೊಡ್ಡತಾಯಮ್ಮ ಅಂತೂ ದಿನಾ ಸಂಜೆ ಜಗಲಿಯ ಮೇಲೆ ಕೂತು ಶುರುಮಾಡುತ್ತಾಳೆ: “ಅವನ ನಡಿಗೆ ಕುಂಟಾಗ, ಅವನು ಓಗೋ ದಾರೀಲೆಲ್ಲ ಗ್ವಾಡೆ ಏಳಲಿ, ಅವನ ಮನೆ ಬಚ್ಚಲಿಗೆ ಎಲ್ಡೂವರೆ ಕಿಲೋಮೀಟ್ರು ಆಗಲಿ!”

ಬೈಗುಳ ಚೆನ್ನಾಗಿದೆ, ಅಲ್ಲವೇ? ನಿನ್ನ ಪ್ರಬಂಧಕ್ಕೆ ಹಾಕಿಕೋ.

ಶಿವಗಂಗಮ್ಮ

*

ಭೋಪಾಲ್
9 ಸೆಪ್ಟೆಂಬರ್ 2024

ಶಿವಗಂಗಮ್ಮನವರೇ,

143 ಸಹಿ! ನಮ್ಮ ಮೇಡಂಗೆ ಹೇಳಿದೆ, ನಂಬಲೇ ಇಲ್ಲ. ಒಂದು ಸಣ್ಣ ಊರಿನಿಂದ ಇಷ್ಟು ದೊಡ್ಡ ಆಕ್ಷೇಪಣೆ ಬಂದದ್ದು ಅವರು ಕೇಳಿಲ್ಲವಂತೆ. ಆ ಅರ್ಜಿಯ ಪ್ರತಿಯನ್ನು ಕಳಿಸುತ್ತೀರಾ? ಪ್ರಬಂಧದ ಮೂರನೇ ಅಧ್ಯಾಯ ಅದರಿಂದಲೇ ಶುರುವಾಗಬೇಕು.

ದೊಡ್ಡತಾಯಮ್ಮನವರ ಬೈಗುಳ ಓದಿದೆ. ಅವರಿಗೆ ನನ್ನ ನಮಸ್ಕಾರ ಹೇಳಿ. ಸಿಟ್ಟು ಇಳಿದಿದ್ದರೆ ಮಾತ್ರ.

ತನ್ಮಯಿ

*

ತೋಪಿನಕೊಪ್ಪಲು
20 ಸೆಪ್ಟೆಂಬರ್ 2024

ತನ್ಮಯಿ,

ಪ್ರತಿಯನ್ನು ಇಲಿ ತಿಂದಿದೆ. ಎಮ್ಮೆ ಕರು ಹಾಕಿತು, ಹೆಣ್ಣು. ಹಾಸನದಲ್ಲಿ ನಿಮ್ಮ ಅಪ್ಪ ಅಮ್ಮ ಚೆನ್ನಾಗಿದ್ದಾರೆ ತಾನೆ? ನಮಗೆ ಮಳೆ ಪರವಾಗಿಲ್ಲ. ಕೆಲಸ ಬಹಳ ಇದೆ.

ಶಿ.

*

ಭೋಪಾಲ್
1 ಅಕ್ಟೋಬರ್ 2024

ಗಂಗಕ್ಕ,

ಸಂಘದವರೆಲ್ಲ ನಿಮ್ಮನ್ನು ಹಾಗೆ ಕರೆಯುತ್ತಾರೆ. ನಾನೂ ಇವತ್ತು ಕರೆದುಬಿಡುತ್ತೇನೆ, ಈ ಕಾಗದ ಓದಿದ ಮೇಲೆ ಕರೆಯಲು ಬಿಡುತ್ತೀರೋ ಇಲ್ಲವೋ.

ಎರಡು ವಿಷಯ. ಆಕ್ಷೇಪಣೆಗಳ ಪಟ್ಟಿಯನ್ನು ಕಚೇರಿಯವರು ಪ್ರಕಟಿಸಿದ್ದಾರೆ. ಅರ್ಜಿ 61ರ ಎದುರಿಗೆ, ‘ತೋಪಿನಕೊಪ್ಪಲು, 143 ಜನ, ಯೋಜನೆಗೆ ಒಪ್ಪಿಗೆ’ ಎಂದಿದೆ. ನನಗೆ ತಲೆಬುಡ ತಿಳಿಯಲಿಲ್ಲ. ಏನು ಬರೆದಿದ್ದಿರಿ ಅಕ್ಕ? ಇಲಿ ತಿನ್ನುವ ಮೊದಲು ಅದರಲ್ಲಿ ಏನಿತ್ತು?

ಎರಡನೆಯದು. ಆ ನಕ್ಷೆ ಬರೆದದ್ದು ನಾನು.

ನಿಮ್ಮಲ್ಲಿಂದ ಹೋದ ಮೇಲೆ ಮಾರ್ಚಿನಲ್ಲಿ ಆ ಕಂಪನಿಗೇ ತರಬೇತಿಗೆ ಸೇರಿದೆ. ಹೊಳೆನರಸೀಪುರದ ಹಾಳೆ ಬಂದಾಗ, ಊರು ಕಂಡವಳು ನಾನೇ ಎಂದು ನನಗೇ ಕೊಟ್ಟರು. ಎಷ್ಟು ಹೆಮ್ಮೆಪಟ್ಟೆ ಗೊತ್ತಾ? ಮೊದಲು ದಿಮ್ಮಿ ಬರೆದಿದ್ದೆ. ಮೂರು ಮೀಟರಿಗಿಂತ ಕಿರಿದಾದದ್ದನ್ನು ದಾರಿ ಎಂದು ತೋರಿಸಬೇಡ ಎಂದು ಮೇಲಿನವರು ಹೇಳಿದರು. ಎರಡು ದಿಮ್ಮಿ ಸೇರಿ ಮುಕ್ಕಾಲು ಮೀಟರು. ಅಳೆದವಳೂ ನಾನೇ, ಬೀಳುವ ಮೊದಲು. ಒಂದು ಮಾತು ಎದುರಾಡಲಿಲ್ಲ. ಅಳಿಸಿದೆ. ಗುಂಡಿ ಒತ್ತಿದರೆ ಹೋಗುತ್ತದೆ ಅಕ್ಕ, ರಬ್ಬರಿನ ಪುಡಿ ಕೂಡ ಬೀಳುವುದಿಲ್ಲ.

ದೊಡ್ಡತಾಯಮ್ಮನವರ ಬೈಗುಳ ನನಗೇ ಸಲ್ಲಬೇಕು. ಹಾಸ್ಟೆಲಿನ ಬಚ್ಚಲು ಈಗಾಗಲೇ ದೂರ ಅನ್ನಿಸುತ್ತಿದೆ.

ತನ್ಮಯಿ

*

ತೋಪಿನಕೊಪ್ಪಲು
10 ಅಕ್ಟೋಬರ್ 2024

ತನ್ಮಯಿ,

ನನಗೆ ಆಗಸ್ಟಿನಲ್ಲೇ ಗೊತ್ತಿತ್ತು ಕಣೇ ಹುಡುಗಿ.

ಹಲಸಿನ ಮರದಡಿಯ ಕೊಟ್ಟಿಗೆ ಯಾವ ಆಕಾಶಕ್ಕೆ ಕಾಣುತ್ತದೆ? ಅಲ್ಲಿ ಕೊಟ್ಟಿಗೆ ಇದೆ ಅಂತ ತಿಳಿದ ಹೊರಗಿನವಳು ಒಬ್ಬಳೇ, ಕರುವಿನ ಜೊತೆ ಫೋಟೋ ತೆಗೆಸಿಕೊಂಡವಳು. ನಾನು ಬೈದದ್ದೆಲ್ಲ ನಿನ್ನನ್ನೇ, ಗೊತ್ತಿದ್ದೇ ಬೈದೆ. ನಿನ್ನ ಬಾಯಿಂದಲೇ ಬರಲಿ ಅಂತ ಕಾದೆ. ಎರಡು ತಿಂಗಳು ತೆಗೆದುಕೊಂಡೆ. ದೊಡ್ಡತಾಯಮ್ಮನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಈಗ ನನ್ನ ಸರದಿ. ಇಲಿಯ ಮೇಲೆ ಸುಮ್ಮನೆ ಅಪವಾದ ಹೊರಿಸಿದೆ.

ನಮ್ಮ ಕಡೆ ಅಣ್ಣತಮ್ಮಂದಿರ ಪಾಲಾಗಿ ಖಾತೆ ಬದಲಾಗುವಾಗ ಅಕ್ಕಪಕ್ಕದವರೆಲ್ಲ ‘ನಮ್ಮ ತಕರಾರಿಲ್ಲ’ ಅಂತ ಸಹಿ ಹಾಕುವುದು ವಾಡಿಕೆ. ಸರ್ಕಾರದ ಕಾಗದ ಅಂದರೆ ಜನಕ್ಕೆ ಅದೊಂದೇ ಗೊತ್ತು. ‘ಆಕ್ಷೇಪಣೆ’ ಅಂತ ಮೇಲೆ ಬರೆದುಕೊಂಡು ಹೋದರೆ ಒಬ್ಬನೂ ಪೆನ್ನು ಮುಟ್ಟಲಿಲ್ಲ. “ನಾಳೆ ಕೋರ್ಟಿಗೆ ಕರೀತಾರೆ ಕಣಕ್ಕ, ನಂಗ್ಯಾಕೆ?” ಅಂದರು. ಮೂರು ದಿನಕ್ಕೆ ಹನ್ನೊಂದು ಸಹಿ. ನನಗೆ ಮರ್ಯಾದೆ ಹೋದಂತಾಯಿತು. ನಾಲ್ಕನೇ ದಿನ ಕಾಗದ ಬದಲಾಯಿಸಿದೆ: ‘ಈ ಯೋಜನೆಗೆ ನಮ್ಮ ತಕರಾರಿಲ್ಲ. ಆದರೆ ನಮ್ಮ ದಾರಿ ಬಿಡಬೇಕು.’ ಒಂದೇ ಸಂಜೆಗೆ ನೂರಾ ನಲವತ್ಮೂರು! ಕಚೇರಿಯವನು ಮೊದಲ ಸಾಲು ಓದಿ ಫೈಲು ಮುಚ್ಚಿದ.

ಮೂವತ್ತೈದು ವರ್ಷದ ಹೋರಾಟಗಾರ್ತಿ, ಸಹಿಯ ಸಂಖ್ಯೆಗೆ ಬಾಯಿಬಿಟ್ಟು ಸಾಲು ಮಾರಿಕೊಂಡೆ. ನೀನು ಮೇಲಿನವರಿಗೆ ಹೆದರಿ ಅಳಿಸಿದೆ, ನಾನು ಕೆಳಗಿನವರಿಗೆ ಹೆದರಿ ಬರೆದೆ. ಇಬ್ಬರೂ ಸೇರಿ ದಿಮ್ಮಿಯನ್ನು ನಾಲೆಗೆ ನೂಕಿದ್ದೇವೆ. ಅಳುತ್ತಾ ಕೂರುವುದು ನನಗೆ ಬರುವುದಿಲ್ಲ. ಇಬ್ಬರೂ ಸೇರಿ ಎತ್ತೋಣ. ದಾರಿ ಹೇಳು.

ಗಂಗಕ್ಕ ಅನ್ನು, ಪರವಾಗಿಲ್ಲ.

ಗಂಗಕ್ಕ

*

ಭೋಪಾಲ್
17 ಅಕ್ಟೋಬರ್ 2024

ಗಂಗಕ್ಕ,

ಒಂದು ಗಂಟೆ ನಕ್ಕೆ, ಆಮೇಲೆ ನಿಯಮದ ಪುಸ್ತಕ ತೆಗೆದೆ. ಸಿಕ್ಕಿತು!

ಲಿಖಿತವಾಗಿ ಅರ್ಜಿ ಕೊಟ್ಟವರಿಗೆಲ್ಲ ಸಾರ್ವಜನಿಕ ವಿಚಾರಣೆಯಲ್ಲಿ ಮಾತನಾಡಲು ಅವಕಾಶ ಕೊಡುತ್ತೇವೆ ಎಂದು ಕಚೇರಿಯವರೇ ಪ್ರಕಟಣೆಯಲ್ಲಿ ಹೇಳಿದ್ದಾರೆ. ಒಪ್ಪಿಗೆಯ ಅರ್ಜಿಯೋ ವಿರೋಧದ ಅರ್ಜಿಯೋ ಎಂದು ಹೇಳಿಲ್ಲ. ಅಂದರೆ ನಿಮ್ಮ ರಶೀದಿಗೆ ಜೀವ ಇದೆ. ವಿಚಾರಣೆ ನವೆಂಬರ್ 5ಕ್ಕೆ, ಪಟ್ಟಣದ ಸಮುದಾಯ ಭವನದಲ್ಲಿ. ನನಗೆ ಅವತ್ತೇ ಪರೀಕ್ಷೆ, ಬರಲಾರೆ.

ಬರೀ ಮಾತು ಸಾಲದು. ಅವರ ಕೈಯಲ್ಲಿ ನಕ್ಷೆ ಇರುತ್ತದೆ, ನಿಮ್ಮ ಕೈಯಲ್ಲೂ ಇರಬೇಕು. ಊರಿನವರೇ ಕೂತು ಬರೆಯಿರಿ. ಕಾಗದ ಸಾಲದಿದ್ದರೆ ನೆಲದ ಮೇಲೆ ಬರೆದು ಫೋಟೋ ತೆಗೆಯಿರಿ. ಒಂದೇ ಒಂದು ನಿಯಮ: ಇಪ್ಪತ್ತು ಮೀಟರಿಗೆ ಒಂದು ಹೆಜ್ಜೆ. ದಾರಿಗೂ ನಾಲೆಗೂ ಇದು ತಪ್ಪಬಾರದು. ಮನೆಗಳನ್ನು ಹೇಗೆ ಬೇಕಾದರೂ ಬರೆದುಕೊಳ್ಳಲಿ.

ವಿಚಾರಣೆಗೆ ಬರುವ ಅಧಿಕಾರಿಗೆ ನಾನೂ ಒಂದು ಕಾಗದ ಹಾಕಿದ್ದೇನೆ, ನನ್ನ ಹೆಸರು ಹಾಕಿ. ಅಳಿಸಿದ್ದು ನಾನು, ದಿಮ್ಮಿ ಇದ್ದದ್ದು ನಿಜ ಎಂದು. ರಿಜಿಸ್ಟರ್ಡ್ ಪೋಸ್ಟ್. ರಶೀದಿ ಇದೆ.

ತನ್ಮಯಿ

*

ತೋಪಿನಕೊಪ್ಪಲು
7 ನವೆಂಬರ್ 2024

ತನ್ಮಯಿ,

ಈ ಕಾಗದ ಉದ್ದ ಇರುತ್ತದೆ. ಕಾಫಿ ತಂದುಕೊಂಡು ಕೂತುಕೋ.

ನಮ್ಮ ಹೆಂಗಸರಿಗೆ ನೆಲದ ಮೇಲೆ ಬರೆಯುವುದು ಹೊಸದೇ? ರಂಗೋಲಿ ಪುಡಿ ತಂದೆವು, ಗದ್ದೆಗೆ ಭತ್ತದ ಹೊಟ್ಟು, ತೋಟಕ್ಕೆ ತೆಂಗಿನ ನಾರಿನ ಪುಡಿ, ನಾಲೆಗೆ ನೀಲಿ. ಮೊದಲು ಶಾಲೆಯ ಮೈದಾನದಲ್ಲಿ ಅಭ್ಯಾಸ. ಅಬ್ಬಬ್ಬಾ, ಆ ಜಗಳ! ಪ್ರತಿಯೊಬ್ಬಳೂ ತನ್ನ ಬೀದಿಯನ್ನೇ ದೊಡ್ಡದು ಮಾಡಿದಳು. ಸುವರ್ಣಮ್ಮನ ಜಗಲಿ ತಾಲ್ಲೂಕು ಕಚೇರಿಗಿಂತ ದೊಡ್ಡದಾಯಿತು. ನೀರಿನ ಟ್ಯಾಂಕಿಗೆ ಜಾಗವೇ ಉಳಿಯಲಿಲ್ಲ. “ನಿನ್ ಜಗಲಿ ಒಸಿ ಮಡಿಸ್ಕೊಳೇ, ಟ್ಯಾಂಕಿ ಎಲ್ಲಿಗೆ ಓಗಬೇಕು?” ಅಂತ ಒಬ್ಬಳು. “ಟ್ಯಾಂಕೀಲಿ ನೀರಿದ್ರೆ ತಾನೆ ಜಾಗ ಕೊಡಕ್ಕೆ!” ಅಂತ ಇನ್ನೊಬ್ಬಳು. ಎರಡು ದಿನ ಹೀಗೇ ಕಿತ್ತಾಡಿ ಮೂರನೇ ದಿನ ಊರು ಒಂದು ಆಕಾರಕ್ಕೆ ಬಂತು.

ರಂಗಸ್ವಾಮಿಯ ತೋಟವನ್ನು ಬರೆದದ್ದು ಅವನ ಹೆಂಡತಿ, ಇದೇ ಸುವರ್ಣಮ್ಮ. ನಾರಿನ ಪುಡಿ ಹರಡಿ ನಡುವೆ ಒಂದು ಗೀಟು ಖಾಲಿ ಬಿಟ್ಟಳು. ರಂಗಸ್ವಾಮಿ ಬಂದವನೇ ಮುಖ ಕೆಂಪಗೆ ಮಾಡಿಕೊಂಡ.

“ನನ್ ತ್ವಾಟದಾಗೆ ದಾರಿ ಯಾಕೆ ಬುಟ್ಟೆ?”

“ನಾನೆಲ್ಲಿ ಬುಟ್ಟೆ? ಅದೇ ಐತೆ. ಮೂವತ್ತು ವರ್ಸದಿಂದ ಹಾಲಿನ ಕ್ಯಾನು ಹೊತ್ಕೊಂಡು ನಾನೇ ತುಳಿದಿವ್ನಿ. ಬ್ಯಾಡ ಅಂದ್ರೆ ಏಳು, ನಾಳೆಯಿಂದ ನೀನೇ ಸುತ್ಕೊಂಡು ಓಗಿ ಹಾಲು ಹಾಕ್ಬುಟ್ ಬಾ.”

ರಂಗಸ್ವಾಮಿ ಬೀಡಿ ಹಚ್ಚಿಕೊಂಡು ಅತ್ತ ಹೋದ.

ವಿಚಾರಣೆಯ ದಿನ ಬೆಳಗಿನ ಐದಕ್ಕೇ ಹೋಗಿ ಸಮುದಾಯ ಭವನದ ಅಂಗಳ ಗುಡಿಸಿ, ಸಾರಿಸಿ, ಶುರು ಮಾಡಿದೆವು. ಕಾವಲುಗಾರ, “ಸಾಹೇಬ್ರ ಸ್ವಾಗತಕ್ಕಾ?” ಅಂದ. “ಊಂ ಕಣಣ್ಣ, ಸ್ವಾಗತಕ್ಕೆ” ಅಂದೆ. ಸುಳ್ಳೇನಲ್ಲ. ಗೇಟು ಇರುವ ಕಡೆ ಕೊಪ್ಪಲು, ಭವನದ ಬಾಗಿಲಿನ ಕಡೆ ಶಾಲೆ ಮತ್ತು ಹಾಲಿನ ವ್ಯಾನು, ನಡುವೆ ನೀಲಿ ನಾಲೆ. ದಾರಿಗಳಿಗೆ ಪುಡಿ ಹಾಕಲಿಲ್ಲ, ಖಾಲಿ ನೆಲವೇ ದಾರಿ. ನಿನ್ನ ಲೆಕ್ಕದ ಪ್ರಕಾರ ಗೇಟಿನಿಂದ ಬಾಗಿಲಿಗೆ ನೆಟ್ಟಗೆ ಹದಿನೈದು ಹೆಜ್ಜೆ, ರಸ್ತೆ ಸುತ್ತಿದರೆ ನೂರಾ ಇಪ್ಪತ್ತೈದು. ಅಂಗಳದ ಎರಡೂ ಮೂಲೆ ಮುಟ್ಟಿ ಬರಬೇಕು. ದಿಮ್ಮಿ ಬರೆಯಬೇಡಿ ಅಂತ ನಾನೇ ಹೇಳಿದೆ. ಅವರ ನಕ್ಷೆಯಲ್ಲಿ ಇಲ್ಲವಲ್ಲ, ಹಾಗೇ ಇರಲಿ.

ಹತ್ತೂವರೆಗೆ ಅಧಿಕಾರಿ ಬಂದರು. ಪ್ರದ್ಯುಮ್ನ ಅಂತ ಹೆಸರು, ಸಾಧು ಮುಖ, ಕಂಕುಳಲ್ಲಿ ಫೈಲಿನ ಕಟ್ಟು. ಜೀಪಿನಿಂದ ಇಳಿದು ನೇರ ಕಾಲಿಟ್ಟರು ನೋಡು, ನೂರು ಹೆಂಗಸರು ಒಂದೇ ಬಾಯಿಗೆ: “ಸಾ, ತುಳೀಬ್ಯಾಡಿ!”

ರಂಗೋಲಿ ತುಳಿಯುವ ಧೈರ್ಯ ಯಾವ ಗಂಡಸಿಗೂ ಇಲ್ಲ, ಗೆಜೆಟೆಡ್ ಆದರೇನು. ಚಪ್ಪಲಿ ಬಿಟ್ಟು ನಿಂತರು.

“ಮತ್ತೆ ಒಳಗೆ ಹೇಗೆ ಹೋಗಲಮ್ಮ?”

“ದಾರಿ ಮಾಡಿದೀವಲ್ಲ ಸಾ, ನಿಮ್ಮ ನಕ್ಷೇಲಿ ಇರೋ ಹಂಗೇ. ಅದ್ರಲ್ಲೇ ಬನ್ನಿ” ಅಂದೆ.

ಹೊರಟರು. ಎಡಕ್ಕೆ ಹೋದರು, ಮೂಲೆ ಮುಟ್ಟಿದರು, ತಿರುಗಿದರು. ಬಿಸಿಲು ಬೇರೆ. ಫೈಲು ಈ ಕಂಕುಳಿಂದ ಆ ಕಂಕುಳಿಗೆ ಬಂತು. ದೊಡ್ಡತಾಯಮ್ಮ ಮೆಟ್ಟಿಲ ಮೇಲೆ ಕೂತಿದ್ದವಳು, “ಪುಣ್ಯವಂತ ಕಣಪ್ಪ ನೀನು, ಹಾಲಿನ ಕ್ಯಾನಿಲ್ಲ ಕೈಲಿ!” ಅಂದಳು. ಅರ್ಧ ದಾರಿಯಲ್ಲಿದ್ದಾಗ ಸುವರ್ಣಮ್ಮ ಇಲ್ಲದ ಗಡಿಯಾರ ನೋಡಿಕೊಂಡು ಕೂಗಿದಳು: “ಏಳೂಕಾಲು ಆಯ್ತು ಸಾ! ವ್ಯಾನು ಓಯ್ತು!”

ನಗು ಅಂದರೆ ನಗು. ಬೈಪಾಸು ರಸ್ತೆಯ ಬಗ್ಗೆ ಅರ್ಜಿ ಹಿಡಿದು ಬಂದಿದ್ದ ವಕೀಲರೂ ನಕ್ಕರು. ಪ್ರದ್ಯುಮ್ನ ನಿಂತರು. ನಾವು ಎಲ್ಲಿ ಸಿಟ್ಟಾದರೋ ಅಂತ ನೋಡಿದರೆ, ಬಂದ ದಾರಿಯಲ್ಲೇ ಹಿಂದಕ್ಕೆ ಬಂದು, ತೋಟದ ನಡುವಿನ ಖಾಲಿ ಗೀಟು ಹಿಡಿದು ನೀಲಿ ನಾಲೆಯ ಮುಂದೆ ನಿಂತು ಕೇಳಿದರು.

“ಸರಿ, ನೀವೆಲ್ಲ ದಿನಾ ಹೇಗೆ ದಾಟ್ತೀರಿ?”

ದೊಡ್ಡತಾಯಮ್ಮ ಎದ್ದಳು. ನಡೆಯಲು ಅವಳಿಗಿರುವುದು ಅದೊಂದು ಊರುಗೋಲು. ಅದನ್ನು ನೀಲಿಯ ಮೇಲೆ ಅಡ್ಡ ಮಲಗಿಸಿದಳು. ನನ್ನ ಭುಜ ಹಿಡಿದು ನಿಂತು ಹೇಳಿದಳು: “ಇಂಗೆ ದಾಟ್ತೀವಿ. ಬಾ ಮಗ, ಬೀಳಲ್ಲ.”

ಅವರು ಕೋಲಿನ ಪಕ್ಕದಲ್ಲಿ ಕಾಲಿಡಲಿಲ್ಲ ತನ್ಮಯಿ. ಕೋಲಿನ ಮೇಲೇ ಹೆಜ್ಜೆ ಇಟ್ಟು, ತೂಗಾಡಿ, ದಾಟಿದರು. ಚಪ್ಪಾಳೆ ಬಿತ್ತು.

ಒಳಗೆ ಹೋಗಿ ಫೈಲು ಬಿಚ್ಚಿದರು. “ಅಮ್ಮ, ನಿಮ್ಮ ಅರ್ಜಿಯಲ್ಲಿ ತಕರಾರಿಲ್ಲ ಅಂತ ಇದೆಯಲ್ಲ?” ಅಂದರು. ಎದ್ದು ನಿಂತೆ. ನೂರಾ ನಲವತ್ಮೂರು ಜನದ ಮುಂದೆ ಹೇಳಿದೆ: “ಆ ಸಾಲು ಇವರದ್ದಲ್ಲ ಸಾರ್, ನಂದು. ಸಹಿ ಬೇಕು ಅಂತ ಹೆದರಿ ಬರೆದೆ. ತಪ್ಪು ನಂದು. ದಾರಿ ಮಾತ್ರ ಇವರೆಲ್ಲರದ್ದು.” ಜೀವನದಲ್ಲಿ ಲಾಠಿ ಏಟಿಗೂ ಅಷ್ಟು ಹೆದರಿರಲಿಲ್ಲ.

ಪ್ರದ್ಯುಮ್ನ ಇನ್ನೊಂದು ಕಾಗದ ಎತ್ತಿ ಹಿಡಿದರು, ನಿನ್ನದು. “ನಕ್ಷೆ ಬರೆದವರೂ ಹೀಗೇ ಬರೆದಿದ್ದಾರೆ. ಈ ಫೈಲಿನಲ್ಲಿ ತಪ್ಪೊಪ್ಪಿಕೊಂಡವರೇ ಜಾಸ್ತಿ” ಅಂತ ನಕ್ಕರು. ಆಮೇಲೆ ಕೇಳಿದರು, “ತೋಟದ ಮಾಲೀಕರು ಏನು ಹೇಳ್ತೀರಿ?”

ರಂಗಸ್ವಾಮಿ ಕುರ್ಚಿಯಿಂದ ಏಳುವುದಕ್ಕೇ ಅರ್ಧ ನಿಮಿಷ ತೆಗೆದುಕೊಂಡ. ಹೆಂಡತಿಯ ಕಡೆ ನೋಡಿದ. ಅವಳು ಸೀರೆಗೆ ಅಂಟಿದ ನಾರಿನ ಪುಡಿ ಕೊಡವುತ್ತಿದ್ದಳು, ತಲೆ ಎತ್ತಲಿಲ್ಲ.

“ದಾರಿ ಐತೆ ಸಾ. ದಿಮ್ಮಿ ನನ್ ಮರದ್ದೇಯ. ನಮ್ಮಪ್ಪ ಹಾಕ್ಸಿದ್ದು” ಅಂದವನೇ ಕೂತುಬಿಟ್ಟ.

ಕಾಲುದಾರಿಯನ್ನೂ ಕಾಲುಸೇತುವೆಯನ್ನೂ ಅಂತಿಮ ನಕ್ಷೆಗೆ ಸೇರಿಸಲು ಶಿಫಾರಸು ಅಂತ ನಡಾವಳಿಯಲ್ಲಿ ಬರೆದುಕೊಂಡರು. ನಡಾವಳಿಯ ಪ್ರತಿ ಕೇಳಿದೆ. ಕೊಟ್ಟರು. ಇಲಿಗೆ ಸಿಗದ ಜಾಗದಲ್ಲಿ ಇಟ್ಟಿದ್ದೇನೆ.

ದೊಡ್ಡತಾಯಮ್ಮನಿಗೆ ನಿನ್ನ ವಿಷಯ ಅಲ್ಲೇ ಗೊತ್ತಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ, “ಆ ಮಗೀಗೆ ಬರಿ, ಬಚ್ಚಲಿನ ಶಾಪ ವಾಪಸ್ ತಗಂಡೆ ಅಂತ” ಅಂದಳು.

ಗಂಗಕ್ಕ

*

ಭೋಪಾಲ್
18 ನವೆಂಬರ್ 2024

ಗಂಗಕ್ಕ,

ಹಾಸ್ಟೆಲಿನಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿದೆ. ಕನ್ನಡ ಬಾರದವರೂ ನಕ್ಕರು.

ಮೂರನೇ ಅಧ್ಯಾಯ ಪೂರ್ತಿ ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲಿ ನನ್ನ ತಪ್ಪನ್ನು ಹಾಕಿದ್ದೇನೆ. ಮೇಡಂ, “ಇದೆಲ್ಲ ಪ್ರಬಂಧದಲ್ಲಿ ಬರೆಯುವುದಿಲ್ಲ” ಎಂದರು. ಈ ಸಲ ಎದುರಾಡಿದೆ ಅಕ್ಕ! ಸಾಲು ಉಳಿಯಿತು. ಕರಡು ಕಳಿಸುತ್ತೇನೆ, ಓದಿ ಬೈಯಿರಿ.

ತನ್ಮಯಿ

*

ತೋಪಿನಕೊಪ್ಪಲು
15 ಜೂನ್ 2025

ತನ್ಮಯಿ,

ಅಂತಿಮ ನಕ್ಷೆ ಬಂತು. ಎಲ್ಲರೂ ಹೋಗಿ ನೋಡಿದೆವು. ನಾಲೆಯ ಮೇಲೆ ಒಂದು ಗೆರೆ, ಚುಕ್ಕಿ ಚುಕ್ಕಿಯಾಗಿ, ಕೂದಲಿಗಿಂತ ಸಣ್ಣದು. ದೊಡ್ಡತಾಯಮ್ಮನಿಗೆ ಕಾಣಿಸಲಿಲ್ಲ. ಅವಳ ಬೆರಳು ಹಿಡಿದು ಅದರ ಮೇಲೆ ಇಟ್ಟೆ. “ಇಷ್ಟೇಯಾ?” ಅಂದಳು. ಆಮೇಲೆ ಬೆರಳು ತೆಗೆಯಲೇ ಇಲ್ಲ, ಹಿಂದೆ ನಿಂತ ಜನ ಗಲಾಟೆ ಮಾಡುವವರೆಗೂ.

ಇಂಗ್ಲಿಷಿನಲ್ಲಿರುವ ನಿನ್ನ ಪ್ರಬಂಧವನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿದೆ. ಒಂದು ತಕರಾರಿದೆ, ಈ ಸಲ ನಿಜವಾದದ್ದು. ನಮ್ಮನ್ನು ಪುಟಕ್ಕೆ ಹತ್ತು ಸಲ ‘ಸಮುದಾಯ’ ಅಂತ ಬರೆದಿದ್ದೀ, ಮೊದಲಿಂದಲೂ ಒಂದಾಗಿದ್ದವರ ಹಾಗೆ. ಸಹಿ ಹಾಕುವಾಗ ನಾವು ನೂರಾ ನಲವತ್ಮೂರು ಹೆದರುಪುಕ್ಕಲರು, ಅಷ್ಟೇ. ಸುವರ್ಣಮ್ಮನ ಜಗಲಿ ಎಷ್ಟಿರಬೇಕು ಅಂತ ಎರಡು ದಿನ ಕಿತ್ತಾಡಿದೆವಲ್ಲ, ಆಗ ಆದೆವು. ಆ ಜಗಳ ನಿನ್ನ ಪ್ರಬಂಧದಲ್ಲಿ ಇಲ್ಲ. ಸೇರಿಸು.

ಈಗ ನಾನು ಬಿಡುವಿಲ್ಲದ ಮನುಷ್ಯಳು. ಅರಕಲಗೂಡಿನವರು ಬಂದು ಕೇಳಿದರು, ಅವರ ಸಂತೆಯ ಜಾಗಕ್ಕೆ ಬಣ್ಣ ಬಳಿದಿದ್ದಾರಂತೆ. ಮುಂದಿನ ಭಾನುವಾರ ಹೋಗುತ್ತಿದ್ದೇವೆ, ಸುವರ್ಣಮ್ಮನೇ ಮುಖ್ಯಸ್ಥೆ. ಚನ್ನರಾಯಪಟ್ಟಣದಿಂದಲೂ ಕರೆ ಬಂದಿದೆ. ಎಲ್ಲರಿಗೂ ಮೊದಲ ಮಾತು ಒಂದೇ ಹೇಳುತ್ತೇನೆ: ಅರ್ಜಿಯ ಮೇಲಿನ ಸಾಲನ್ನು ಯಾರಿಗೂ ಮಾರಬೇಡಿ.

ಸೇತುವೆ ಯಾವಾಗ ಕಟ್ಟುತ್ತಾರೋ, ಅದಕ್ಕೂ ಬಡಿದಾಡಬೇಕು. ಅಲ್ಲಿಯವರೆಗೆ ಅದೇ ಎರಡು ದಿಮ್ಮಿ. ರಂಗಸ್ವಾಮಿ ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದ್ದಾನೆ, ಯಾರೂ ಹೇಳದೆ.

ರಜೆಗೆ ಹಾಸನಕ್ಕೆ ಬಂದಾಗ ಇಲ್ಲಿಗೂ ಬಾ. ಕರು ದೊಡ್ಡದಾಗಿದೆ. ದಿಮ್ಮಿ ಮೇಲೆ ಹುಷಾರಾಗಿ ಬಾ. ಹೋದ ಸಲ ಬಿದ್ದಾಗ ನೀನು ಬಿದ್ದ ಜಾಗವೇ ನಕ್ಷೆಯಲ್ಲಿ ಇರಲಿಲ್ಲ. ಈ ಸಲ ಬಿದ್ದರೆ ಮಾಸ್ಟರ್ ಪ್ಲಾನಿನ ಪ್ರಕಾರವೇ ಬೀಳುತ್ತೀ.

ಗಂಗಕ್ಕ